ವೇಗದ ಉಪಾಸಕ ಬರ್ಟ್ ಮನ್ರೋ

ಆಯುಧಪೂಜೆಯ ದಿನ ನಮ್ಮ ಹೊಸೂರು ಸೀಮೆಯ ಬೀದಿಗಳಲ್ಲಿ ನಡೆದು ಹೋದರೆ ಬಾಳೆಕಂದು, ಬೂದುಗುಂಬಳಕಾಯಿ, ಚೆಂಡುಹೂವುಗಳ ಅಲಂಕಾರ ಎಲ್ಲೆಲ್ಲೂ ಕಾಣುತ್ತದೆ. ಬೇಸಾಯಗಾರರ ಮನೆಯಲ್ಲಿ ನೇಗಿಲು, ಕುಡುಗೋಲುಗಳಿಗೆ ಪೂಜೆ. ಕಾರ್ಖಾನೆಗೆ ಹೋಗುವವರ ಮನೆಯಲ್ಲಿ ಸ್ಪ್ಯಾನರು, ಸುತ್ತಿಗೆ, ಮೋಟಾರು ಸೈಕಲ್ಲುಗಳಿಗೆ ಪೂಜೆ. ಆದರೆ ಒಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿರಲಿಕ್ಕಿಲ್ಲ. ನಾವು ಪೂಜೆಗೆ ಇಡುವುದು ಚೆನ್ನಾಗಿ ಕೆಲಸಮಾಡುವ ಉಪಕರಣಗಳನ್ನು ಮಾತ್ರ. ಬಾಯಿ ಮುರಿದ ಸ್ಪ್ಯಾನರು, ಸೀಳು ಬಿಟ್ಟ ಪಿಸ್ಟನ್ನು ಹಬ್ಬಕ್ಕೆ ಮುನ್ನವೇ ಗುಜರಿ ಸೇರಿರುತ್ತವೆ.

ಭೂಗೋಳದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನಿದ್ದನು. ಅವನ ಶೆಡ್ಡಿನ ಗೋಡೆಗೆ ಒಂದು ಹಲಗೆ. ಅದರ ಮೇಲೆ ಸಾಲಾಗಿ ಜೋಡಿಸಿದ್ದುದೆಲ್ಲ ಮುರಿದವು, ಕರಗಿದವು, ಸಿಡಿದು ಚೂರಾದವು. ಅವೆಲ್ಲ ವೇಗದ ದೇವರಿಗೆ ತಾನು ಸಲ್ಲಿಸಿದ ಕಾಣಿಕೆಗಳೆಂದು ಆ ಹಲಗೆಯ ಮೇಲೆ ಬರೆದಿಟ್ಟಿದ್ದನು. ಆಯುಧಪೂಜೆಯ ಹೆಸರನ್ನೇ ಕೇಳಿರಲಾರದ ಆ ಮನುಷ್ಯನಿಗೆ ಇಂಥದೊಂದು ಪೂಜೆ ಹೊಳೆದುದು ಹೇಗೆ? ಅವನ ಬಾಳಿನ ಕಥೆಯನ್ನು ತಿಳಿದರೆ ಅದಕ್ಕೆ ಉತ್ತರ ಸಿಗುತ್ತದೆ. ಅವನೇ ಹರ್ಬರ್ಟ್ ಜೇಮ್ಸ್ ಮನ್ರೋ. ಲೋಕ ಅವನನ್ನು ಬರ್ಟ್ ಮನ್ರೋ ಎಂದು ಕರೆಯುತ್ತದೆ.

ವಿದ್ಯಾರ್ಥಿಗಳು ಅಟ್ಲಾಸನ್ನು ತೆರೆದು ನ್ಯೂಜಿಲೆಂಡ್ ದೇಶವನ್ನು ಹುಡುಕಿರಿ. ಅದರ ದಕ್ಷಿಣ ದ್ವೀಪದ ಕೆಳಗಿನ ಅಂಚಿನಲ್ಲಿ ಇನ್ವರ್‌ಕಾರ್ಗಿಲ್ ಎಂಬ ಊರು ಸಿಗುತ್ತದೆ. ಅದರಾಚೆಗೆ ಕೆಲವು ದ್ವೀಪಗಳನ್ನು ಬಿಟ್ಟರೆ ಹಿಮಖಂಡದವರೆಗೆ ಬರಿಯ ಕಡಲು. ದೊಡ್ಡ ಕಾರ್ಖಾನೆಗಳಿಗೂ ದೊಡ್ಡ ಪ್ರಯೋಗಶಾಲೆಗಳಿಗೂ ದೂರವಾದ ಆ ಊರಿನಲ್ಲಿ 1899ರ ಮಾರ್ಚ್ 25ರಂದು ಬರ್ಟ್ ಹುಟ್ಟಿದನು. ಜೊತೆಯಲ್ಲೇ ಹುಟ್ಟಿದ ಅವಳಿ ಸೋದರಿ ಹುಟ್ಟುವಾಗಲೇ ತೀರಿಕೊಂಡಳು. ಈ ಮಗುವೂ ಬಹುಕಾಲ ಬದುಕಲಾರದೆಂದು ವೈದ್ಯರು ತಂದೆತಾಯಿಗಳಿಗೆ ಹೇಳಿದ್ದರಂತೆ. ವೈದ್ಯರ ಲೆಕ್ಕವನ್ನು ಸುಳ್ಳುಮಾಡಿ ಆ ಮಗು ಎಪ್ಪತ್ತೆಂಟು ವರ್ಷ ಬಾಳಿತು.

ಇನ್ವರ್‌ಕಾರ್ಗಿಲ್ಲಿಗೆ ಪೂರ್ವದಲ್ಲಿರುವ ಎಡೆಂಡೇಲ್ ಎಂಬಲ್ಲಿ ಅವರ ತಂದೆಯ ಹೊಲಮನೆ ಇತ್ತು. ಹುಡುಗನಿಗೆ ಬಾಲ್ಯದಿಂದಲೇ ವೇಗದ ಹುಚ್ಚು. ಮನೆಯ ಕುದುರೆಗಳಲ್ಲಿ ಎಲ್ಲಕ್ಕಿಂತ ಚುರುಕಾದುದನ್ನು ಹತ್ತಿ ಹೊಲದ ಉದ್ದಕ್ಕೂ ಓಡಿಸುವುದು, ತಂದೆಯಿಂದ ಬೈಸಿಕೊಳ್ಳುವುದು, ಮರುದಿನ ಮತ್ತೆ ಓಡಿಸುವುದು. ರೈಲು ಹತ್ತಿ ಊರಿಗೆ ಹೋಗುವುದೇ ಆ ಕಾಲಕ್ಕೆ ದೊಡ್ಡ ಸಂಭ್ರಮ. ಅಷ್ಟರಲ್ಲಿ ಮೋಟಾರು ಕಾರು, ಮೋಟಾರು ಸೈಕಲ್ಲು, ವಿಮಾನಗಳು ಒಂದೊಂದಾಗಿ ಆ ಸೀಮೆಗೂ ಬಂದವು. ಹುಡುಗನ ಕಣ್ಣು ಕುದುರೆಯಿಂದ ಯಂತ್ರದತ್ತ ತಿರುಗಿತು. ಮೊದಲನೆಯ ಮಹಾಯುದ್ಧ ಆರಂಭವಾದಾಗ, ಲೋಕ ನೋಡಬಹುದೆಂಬ ಆಸೆಯಿಂದ ಸೈನ್ಯಕ್ಕೆ ಸೇರುವ ಹಂಬಲ ಅವನಿಗಿತ್ತು. ಆದರೆ ಯುದ್ಧ ಮುಗಿಯುವವರೆಗೂ ಹೊಲದಲ್ಲೇ ಉಳಿಯಬೇಕಾಯಿತು. ಆಮೇಲೆ ತಂದೆ ಹೊಲವನ್ನು ಮಾರಿದರು. ಬರ್ಟ್ ಕೆಲಕಾಲ ಒಟಿರಾ ಎಂಬಲ್ಲಿ ರೈಲು ಸುರಂಗ ಕೊರೆಯುವ ಕೆಲಸಕ್ಕೆ ಹೋದನು. ತಂದೆ ಇನ್ನೊಂದು ಹೊಲ ಕೊಂಡಾಗ ಮತ್ತೆ ಹಿಂದಿರುಗಿದನು.

1920ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವನು ಒಂದು ಮೋಟಾರು ಸೈಕಲ್ಲನ್ನು ಕೊಂಡನು. ಅದರ ಹೆಸರು ಇಂಡಿಯನ್ ಸ್ಕೌಟ್. ಹೆಸರನ್ನು ಕೇಳಿ ಇದು ನಮ್ಮ ದೇಶದ್ದೆಂದು ಭಾವಿಸಬಾರದು. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ತಯಾರಾಗುತ್ತಿದ್ದ ಬಂಡಿ ಅದು. ಅಮೆರಿಕದ ಮೂಲನಿವಾಸಿಗಳನ್ನು ಅಲ್ಲಿಯವರು ಇಂಡಿಯನ್ನರೆಂದು ಕರೆಯುತ್ತಿದ್ದುದರಿಂದ ಆ ಹೆಸರು ಬಂದಿತು. ಅದರ ಎಂಜಿನ್ನಿನಲ್ಲಿ ಎರಡು ಸಿಲಿಂಡರುಗಳು, ಇಂಗ್ಲಿಷಿನ ವಿ ಅಕ್ಷರದ ಹಾಗೆ ಓರೆಯಾಗಿ ನಿಂತಿದ್ದವು. ಅವುಗಳ ಒಟ್ಟು ಗಾತ್ರ ಸುಮಾರು 600 ಸಿ.ಸಿ., ಅಂದರೆ 600 ಘನ ಸೆಂಟಿಮೀಟರು. ಗಂಟೆಗೆ 55 ಮೈಲಿ, ಅಂದರೆ ಸುಮಾರು 89 ಕಿಲೋಮೀಟರು, ಅದರ ಗರಿಷ್ಠ ವೇಗ. ಆ ಕಾಲಕ್ಕೆ ಅದು ಒಳ್ಳೆಯ ವೇಗವೇ. ಆದರೆ ಮನ್ರೋ ಅವರಿಗೆ ಅದು ಸಾಲಲಿಲ್ಲ. ಇನ್ನೂ ವೇಗದ ಹೊಸ ಬಂಡಿಯನ್ನು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಆದುದರಿಂದ ಇದ್ದ ಬಂಡಿಯನ್ನೇ ವೇಗದ ಬಂಡಿಯನ್ನಾಗಿ ಮಾಡಬೇಕೆಂದು ಅವರು ನಿಶ್ಚಯಿಸಿದರು. 1926ರಲ್ಲಿ ಆ ಕೆಲಸಕ್ಕೆ ಕೈಹಾಕಿದರು. ಅದು ನಿಂತುದು ಅವರ ಕೊನೆಗಾಲದಲ್ಲಿ.

ಎಂಜಿನ್ನು ಹೇಗೆ ಓಡುತ್ತದೆ ಎಂಬುದನ್ನು ತಿಳಿದರೆ ಮಾತ್ರ ಅವರು ಮಾಡಿದ್ದರ ಬೆಲೆ ನಮಗೆ ಅರಿವಾದೀತು. ಸಿಲಿಂಡರೆಂಬುದು ಒಂದು ಕೊಳವೆ. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಸರಿದಾಡುತ್ತದೆ. ಮೊದಲ ಬಾರಿ ಕೆಳಗಿಳಿಯುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲೇರುವಾಗ ಆ ಗಾಳಿಯನ್ನು ಒತ್ತಿ ಚಿಕ್ಕದು ಮಾಡುತ್ತದೆ. ಆಗ ಒಂದು ಕಿಡಿ ಹಾರಿ ಅದು ಹೊತ್ತಿಕೊಳ್ಳುತ್ತದೆ. ಆ ಉರಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ನಾಲ್ಕನೆಯ ಹೆಜ್ಜೆಯಲ್ಲಿ ಸುಟ್ಟ ಹೊಗೆ ಹೊರಬೀಳುತ್ತದೆ. ಗಾಳಿ ಒಳಬರಲು ಒಂದು ಬಾಗಿಲು, ಹೊಗೆ ಹೊರಹೋಗಲು ಇನ್ನೊಂದು ಬಾಗಿಲು. ಇವಕ್ಕೆ ವಾಲ್ವುಗಳೆಂದು ಹೆಸರು. ಈ ಬಾಗಿಲುಗಳನ್ನು ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚುವ ಉಬ್ಬುಗಳು ಕ್ಯಾಮುಗಳು. ಪಿಸ್ಟನ್ನಿನ ಏರಿಳಿತವನ್ನು ಚಕ್ರದ ಸುತ್ತಾಟವನ್ನಾಗಿ ಮಾರ್ಪಡಿಸುವ ತೋಳು ಕನೆಕ್ಟಿಂಗ್ ರಾಡು.

ಕಾರ್ಖಾನೆಯಿಂದ ಬಂದ ಸ್ಕೌಟಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಒಳಬರುವ ಗಾಳಿ ಸುತ್ತಿ ಬಳಸಿ ಬರಬೇಕಾಗಿತ್ತು. ಓಣಿಯ ಮನೆಗೆ ಹಿತ್ತಲ ಬಾಗಿಲಿನಿಂದ ನೆಂಟರು ಬರುವ ಹಾಗೆ ಎನ್ನೋಣ. ಮನ್ರೋ ಅವರು ಹೊಸ ಹೆಡ್ಡುಗಳನ್ನು ಮಾಡಿ ವಾಲ್ವುಗಳನ್ನು ಸಿಲಿಂಡರಿನ ನೆತ್ತಿಯ ಮೇಲೆ ಕೂರಿಸಿದರು. ಎರಡು ಕ್ಯಾಮುಗಳಿದ್ದ ಕಡೆ ನಾಲ್ಕನ್ನು ಇಟ್ಟರು. ಸಿಲಿಂಡರಿನ ಗಾತ್ರವನ್ನು ಹೆಚ್ಚಿಸುತ್ತ ಹೋದರು. 600 ಸಿ.ಸಿ. ಇದ್ದ ಎಂಜಿನ್ನು 1962ರ ಹೊತ್ತಿಗೆ 850, 1966ರಲ್ಲಿ 920, 1967ರಲ್ಲಿ 950 ಸಿ.ಸಿ. ಆಯಿತು. ಗಾತ್ರ ಹೆಚ್ಚಿದಂತೆ ಒತ್ತಡವೂ ಕಾವೂ ಹೆಚ್ಚಿದವು. ಒಂದು ಭಾಗವನ್ನು ಬಲಪಡಿಸಿದರೆ ಪಕ್ಕದ ಭಾಗ ಮುರಿಯಿತು. ಅದನ್ನು ಬಲಪಡಿಸಿದರೆ ಮತ್ತೊಂದು. ಎಣ್ಣೆ ಸರಿಯಾಗಿ ತಲುಪದೆ ಬಿಡಿಭಾಗಗಳು ಬೆಂದುಹೋದಾಗ ಎಣ್ಣೆ ಹರಿಯುವ ಏರ್ಪಾಡನ್ನೂ ಬದಲಾಯಿಸಿದರು. ಫ್ಲೈವೀಲುಗಳನ್ನೂ ತಾವೇ ಮಾಡಿದರು.

ಇದಕ್ಕೆಲ್ಲ ಅವರ ಬಳಿ ಇದ್ದ ಸಲಕರಣೆಗಳನ್ನು ಕೇಳಿದರೆ ನಮ್ಮ ಊರಿನ ಸಣ್ಣ ವರ್ಕ್‌ಶಾಪಿನವರಿಗೂ ನಗು ಬಂದೀತು. ಪಿಸ್ಟನ್ನುಗಳನ್ನು ಎರಕಹೊಯ್ಯಲು ಅಚ್ಚಾಗಿ ಹಳೆಯ ಡಬ್ಬಿಗಳನ್ನು ಬಳಸಿದರು. ಸಿಲಿಂಡರುಗಳಿಗೆ ಬೀಡುಕಬ್ಬಿಣದ ಹಳೆಯ ಗ್ಯಾಸು ಪೈಪುಗಳು ಒದಗಿದವು. ಕನೆಕ್ಟಿಂಗ್ ರಾಡುಗಳನ್ನು ಟ್ರಾಕ್ಟರಿನ ಅಚ್ಚಿನ ಉಕ್ಕಿನಿಂದ ಕೊರೆದು, ಅರದಿಂದ ಉಜ್ಜಿ, ಹದಮಾಡಿದರು. ಚಕ್ರದ ಹಳೆಯ ಕಡ್ಡಿಯೊಂದು ಅವರಿಗೆ ಮೈಕ್ರೋಮೀಟರಾಗಿತ್ತು. ಟೈರುಗಳು ವೇಗಕ್ಕೆ ಒಗ್ಗಲೆಂದು ಅವುಗಳ ಮೇಲಿನ ಪದರವನ್ನು ಚಾಕುವಿನಿಂದ ಕೆತ್ತಿ ತೆಗೆದರು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಈ ಮನುಷ್ಯನ ಕೈಗೆ ಮಸಿ ಮೆತ್ತಿದ್ದು ಮೂವತ್ತು ವರ್ಷಕ್ಕೂ ಹೆಚ್ಚು. ಮೊಸರು ಮಾತ್ರ ಬಹಳ ತಡವಾಗಿ ಬಂದಿತು.

ಹಗಲು ಹೊಟ್ಟೆಪಾಡು, ಇರುಳು ಎಂಜಿನ್ನು ಎಂಬುದು ಅವರ ದಿನಚರಿಯಾಯಿತು. 1930ರ ಸುಮಾರಿನ ಆರ್ಥಿಕ ಮುಗ್ಗಟ್ಟಿನಲ್ಲಿ ತಂದೆಯ ಹೊಲಕ್ಕೆ ಹಿಂದಿರುಗಿದ್ದ ಅವರು, ಆಮೇಲೆ ಮೋಟಾರು ಸೈಕಲ್ಲುಗಳನ್ನು ಮಾರುವ ಮತ್ತು ದುರಸ್ತಿ ಮಾಡುವ ಕೆಲಸ ಹಿಡಿದರು. ಸ್ಕೌಟಿನ ಜೊತೆಗೆ 1936ರ ವೆಲೊಸೆಟ್ ಎಂಬ ಇನ್ನೊಂದು ಬಂಡಿಯನ್ನೂ ಹೀಗೆಯೇ ತಿದ್ದಿ ತೀಡಿದರು. ಎಷ್ಟೋ ರಾತ್ರಿ ಬೆಳಗಾಗುವವರೆಗೆ ಶೆಡ್ಡಿನಲ್ಲಿ ದುಡಿದು, ಹಾಗೆಯೇ ಕೆಲಸಕ್ಕೆ ಹೋಗುತ್ತಿದ್ದರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಒಳ್ಳೆಯದನ್ನಷ್ಟೇ ಹೇಳಿ ಮುಗಿಸುವ ವಾಡಿಕೆ ಇದೆ. ಅದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ಮನ್ರೋ ಅವರಿಗೆ 1927ರಲ್ಲಿ ವಿವಾಹವಾಗಿತ್ತು. ನಾಲ್ಕು ಮಂದಿ ಮಕ್ಕಳೂ ಇದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸತಿಪತಿಯರು ಬೇರೆಯಾದರು. ಮನ್ರೋ ಅವರು ಕೆಲಸವನ್ನೂ ಬಿಟ್ಟು, ಬಂಡಿಗಳನ್ನು ಇಡುವ ಒಂದು ಶೆಡ್ಡಿನಲ್ಲೇ ವಾಸಕ್ಕೆ ನಿಂತರು. ಅಲ್ಲೇ ಹಾಸಿಗೆ, ಅಲ್ಲೇ ಅಡಿಗೆ, ಪಕ್ಕದಲ್ಲೇ ಎಂಜಿನ್ನು. ಒಂದೇ ಗುರಿಯನ್ನು ಹಿಡಿದು ಹೊರಟವನು ದಾರಿಯಲ್ಲಿ ಏನನ್ನು ಕೈಬಿಡುತ್ತಾನೆ ಎಂಬುದನ್ನೂ ನಾವು ನೋಡಬೇಕು. ಸಾಧನೆಯನ್ನು ಮೆಚ್ಚೋಣ; ಮನೆಮಂದಿ ಅದಕ್ಕೆ ತೆತ್ತ ಬೆಲೆಯನ್ನು ಮರೆಯದಿರೋಣ.

ಆ ಶೆಡ್ಡಿನ ಗೋಡೆಯಲ್ಲೇ ನಾವು ಮೊದಲು ಹೇಳಿದ ಹಲಗೆ ಇದ್ದುದು. ಹೊಸ ಪಿಸ್ಟನ್ನು ಮಾಡಲು ವಾರಗಟ್ಟಲೆ ಬೇಕು. ಅದು ಓಟದ ನಡುವೆ ಸಿಡಿದು ಹೋಗಲು ಒಂದು ಕ್ಷಣ ಸಾಕು. ಬೇರೆಯವರಾಗಿದ್ದರೆ ಅದನ್ನು ಕಣ್ಣಿಗೆ ಬೀಳದಂತೆ ಎಸೆಯುತ್ತಿದ್ದರು. ಮನ್ರೋ ಅವರು ಎತ್ತಿ ಹಲಗೆಯ ಮೇಲಿಟ್ಟರು. ಅದರಲ್ಲಿ ಹಾಸ್ಯವೂ ಇತ್ತು, ಭಕ್ತಿಯೂ ಇತ್ತು. ಜೊತೆಗೆ ಒಂದು ಉಪಯೋಗವೂ ಇದ್ದೀತೆಂದು ನಮಗೆ ತೋರುತ್ತದೆ. ಮುರಿದ ಭಾಗವು ತಾನು ಮುರಿದ ಬಗೆಯನ್ನು ತನ್ನ ಮೈಯಲ್ಲೇ ಬರೆದುಕೊಂಡಿರುತ್ತದೆ. ಸೀಳು ಎಲ್ಲಿಂದ ಹೊರಟಿತು, ಯಾವ ಅಂಚು ಕರಗಿತು, ಎಣ್ಣೆ ಎಲ್ಲಿ ತಲುಪಲಿಲ್ಲ ಎಂಬುದನ್ನು ಕಣ್ಣಿದ್ದವನು ಓದಿಕೊಳ್ಳಬಹುದು. ದಿನವೂ ಕಣ್ಣೆದುರಿಗೆ ಇದ್ದರೆ ಅದೇ ತಪ್ಪನ್ನು ಎರಡನೆಯ ಸಲ ಮಾಡಲು ಕೈ ಹಿಂಜರಿಯುತ್ತದೆ. ಆ ಹಲಗೆಯೇ ಅವರ ಗ್ರಂಥಾಲಯವಾಗಿತ್ತು ಎಂದರೆ ತಪ್ಪಾಗಲಾರದು.

ತಿದ್ದಿದ ಎಂಜಿನ್ನನ್ನು ಪರೀಕ್ಷಿಸಲು ಊರಿನ ಸಮೀಪದಲ್ಲಿ ಒರೆಟಿ ಎಂಬ ಕಡಲತೀರವಿತ್ತು. ಅಲ್ಲಿಯ ಗಟ್ಟಿ ಮರಳಿನ ಮೇಲೆ ಅವರು ಓಡಿಸಿದರು, ಬಿದ್ದರು, ಎದ್ದರು. 1940ರಲ್ಲಿ ನ್ಯೂಜಿಲೆಂಡಿನ ತೆರೆದ ರಸ್ತೆಯ ಮೇಲೆ ಗಂಟೆಗೆ 194 ಕಿಲೋಮೀಟರು ವೇಗದ ದಾಖಲೆ ಸ್ಥಾಪಿಸಿದರು. 1957ರಲ್ಲಿ ಒರೆಟಿ ತೀರದಲ್ಲಿ ಗಂಟೆಗೆ 211 ಕಿಲೋಮೀಟರು ತಲುಪಿದರು. ಆಗ ಅವರಿಗೆ ಸುಮಾರು ಐವತ್ತೆಂಟು ವರ್ಷ. ನಮ್ಮ ಕಡೆ ಹಿಂದೆಲ್ಲ ಆ ವಯಸ್ಸಿಗೆ ನಿವೃತ್ತಿಯ ಬೀಳ್ಕೊಡುಗೆಗೆ ಶಾಲು ಸಿದ್ಧವಾಗಿರುತ್ತಿತ್ತು!

ಇಷ್ಟು ವೇಗಕ್ಕೆ ಬಂದ ಮೇಲೆ ಎಂಜಿನ್ನಿಗಿಂತ ದೊಡ್ಡ ಎದುರಾಳಿ ಗಾಳಿ. ಸೈಕಲ್ ತುಳಿಯುವಾಗ ಎದುರುಗಾಳಿ ಬೀಸಿದರೆ ಎಷ್ಟು ಕಷ್ಟವೆಂಬುದು ನಿಮಗೆಲ್ಲ ಗೊತ್ತು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಎಂಟರಷ್ಟು ಮಾಡುವುದು ಸುಲಭವಲ್ಲ. ಗಾಳಿಯನ್ನು ಸೀಳುವ ಆಕಾರವನ್ನು ಬಂಡಿಗೆ ಕೊಡುವುದು ಜಾಣತನ. ಮನ್ರೋ ಅವರು ತಲೆ ದುಂಡಗೆ, ಬಾಲ ಚೂಪಗೆ ಇರುವ ಮೀನಿನಂಥ ಒಂದು ಕವಚವನ್ನು ತಮ್ಮ ಕೈಯಿಂದಲೇ ರೂಪಿಸಿ, ಸವಾರ ಮತ್ತು ಬಂಡಿ ಎರಡನ್ನೂ ಅದರೊಳಗೆ ಅಡಗಿಸಿದರು. ಅಂಥ ಕವಚದೊಳಗೆ ಎದೆಯ ಮೇಲೆ ಒರಗಿ ಬಾಗಿ ಮಲಗಿದಂತೆ ಕುಳಿತು ಓಡಿಸಬೇಕು. ಬಂಡಿ ನಿಂತಾಗ ತಾನಾಗಿ ನಿಲ್ಲದು, ಬೇರೆಯವರು ಹಿಡಿಯಬೇಕು.

ಇಂಥ ಬಂಡಿಗೆ ಇನ್ವರ್‌ಕಾರ್ಗಿಲ್ಲಿನ ಕಡಲತೀರ ಸಾಲದು. ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನ್‌ವಿಲ್ ಎಂಬ ಉಪ್ಪಿನ ಬಯಲಿದೆ. ಪುರಾತನ ಕಾಲದ ಮಹಾಸರೋವರವೊಂದು ಒಣಗಿ ಉಳಿದ ಉಪ್ಪು ಅಲ್ಲಿ ಮೈಲಿಗಟ್ಟಲೆ ಹಾಸಿಕೊಂಡಿದೆ. ಗಿಡವಿಲ್ಲ, ತಿರುವಿಲ್ಲ, ಏರಿಳಿತವಿಲ್ಲ. ವೇಗದ ದಾಖಲೆ ಮಾಡಬಯಸುವವರಿಗೆ ಅದು ಕ್ಷೇತ್ರವಿದ್ದಂತೆ. ಮನ್ರೋ ಅವರು ಒಟ್ಟು ಹತ್ತು ಬಾರಿ ಅಲ್ಲಿಗೆ ಹೋದರು. ಮೊದಲ ಬಾರಿ ನೋಡಿ ಬರಲು, ಉಳಿದ ಒಂಬತ್ತು ಬಾರಿ ಓಡಿಸಲು. ಹೃದಯದ ತೊಂದರೆ ಆಗಲೇ ಅವರನ್ನು ಹಿಡಿದಿತ್ತು. ಆದರೂ ಬಂಡಿಯನ್ನು ಕಡಲು ದಾಟಿಸಿ ಕೊಂಡೊಯ್ದರು.

1962ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, 883 ಸಿ.ಸಿ. ವರ್ಗದಲ್ಲಿ ಗಂಟೆಗೆ 288 ಕಿಲೋಮೀಟರು ವೇಗದ ದಾಖಲೆ ಅವರದಾಯಿತು. 1966ರಲ್ಲಿ 1000 ಸಿ.ಸಿ. ವರ್ಗದಲ್ಲಿ 270 ಕಿಲೋಮೀಟರು ವೇಗದ ಇನ್ನೊಂದು ದಾಖಲೆ. 1967ರಲ್ಲಿ, ಅರವತ್ತೆಂಟರಲ್ಲಿ, ಅದನ್ನು ತಾವೇ ಮುರಿದು 295 ಕಿಲೋಮೀಟರನ್ನು ದಾಟಿದರು. ಇಲ್ಲಿ ವಿದ್ಯಾರ್ಥಿಗಳು ಒಂದು ನಿಯಮವನ್ನು ತಿಳಿಯಬೇಕು. ಒಂದೇ ದಿಕ್ಕಿನಲ್ಲಿ ಓಡಿಸಿದರೆ ಗಾಳಿ ಬೆನ್ನಿಗಿದ್ದು ಸಹಾಯ ಮಾಡಿರಬಹುದು. ಆದುದರಿಂದ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆದು, ಎರಡರ ಸರಾಸರಿಯನ್ನು ದಾಖಲೆಯೆಂದು ಬರೆಯುತ್ತಾರೆ. ಅದೇ ವರ್ಷ ಅರ್ಹತೆಯ ಓಟದಲ್ಲಿ ಒಂದು ದಿಕ್ಕಿನಲ್ಲಿ ಅವರು ತಲುಪಿದ ವೇಗ ಗಂಟೆಗೆ 305 ಕಿಲೋಮೀಟರಿಗೂ ಮೇಲು.

ಈಗ ಲೆಕ್ಕ ಹಾಕಿ ನೋಡಿರಿ. 1920ರಲ್ಲಿ 89 ಕಿಲೋಮೀಟರು ಓಡುತ್ತಿದ್ದ ಅದೇ ಬಂಡಿ, ನಲವತ್ತೇಳು ವರ್ಷ ಹಳತಾದ ಮೇಲೆ ಅದರ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಓಡಿತು. ಎಂಜಿನ್ನಿನ ಗಾತ್ರ ಹೆಚ್ಚಿದುದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲು ಮಾತ್ರ. ಮಿಕ್ಕಿದ್ದೆಲ್ಲ ಎಲ್ಲಿಂದ ಬಂದಿತು? ಒಂದು ವಾಲ್ವು, ಒಂದು ಕ್ಯಾಮು, ಒಂದು ಎಣ್ಣೆಯ ದಾರಿ, ಕವಚದ ಒಂದು ಬಾಗು ಎಂದು ಚೂರುಚೂರಾಗಿ ಬಂದಿತು. ಹನಿಗೂಡಿ ಹಳ್ಳವಾಗುವುದೆಂದರೆ ಇದೇ. ಯಾವ ಒಂದು ದಿನವೂ ಪವಾಡ ನಡೆಯಲಿಲ್ಲ.

ಬಾನ್‌ವಿಲ್ಲಿನ ಓಟಗಳು ಸುಖದ ಸವಾರಿಗಳಾಗಿರಲಿಲ್ಲ. 1967ರಲ್ಲೇ ಒಮ್ಮೆ ಬಂಡಿ ಅಡ್ಡಾದಿಡ್ಡಿ ತೂಗಾಡತೊಡಗಿತು. ಅದನ್ನು ತಡೆಯಲು ಮನ್ರೋ ಅವರು ಮೈಯನ್ನು ಮೇಲೆತ್ತಿದರು. ಗಾಳಿಯ ರಭಸಕ್ಕೆ ಕನ್ನಡಕ ಕಿತ್ತು ಹೋಯಿತು. ಕೊನೆಗೆ ಬಂಡಿಯನ್ನು ಉಪ್ಪಿನ ಮೇಲೆ ಉರುಳಿಸಿ ನಿಲ್ಲಿಸಬೇಕಾಯಿತು. ಈ ಕಥೆಯನ್ನು ಓದಿ ನಮ್ಮ ಹುಡುಗರು ಯಾರೂ ಅಣ್ಣನ ಬಂಡಿಯನ್ನು ಹೆದ್ದಾರಿಗೆ ಒಯ್ಯಬಾರದು. ಮನ್ರೋ ಅವರ ಉಪ್ಪಿನ ಬಯಲಿನಲ್ಲಿ ಎದುರಿಗೆ ಲಾರಿ ಬರುವುದಿಲ್ಲ, ರಸ್ತೆ ದಾಟುವ ಅಜ್ಜಿ ಇರುವುದಿಲ್ಲ. ಅವರಿಂದ ನಾವು ಕಲಿಯಬೇಕಾದುದು ವೇಗವನ್ನಲ್ಲ. ಆ ವೇಗದ ಹಿಂದಿದ್ದ ನಿಧಾನವನ್ನು.

ವಯಸ್ಸೂ ಹೃದಯದ ಬೇನೆಯೂ ಕಡೆಗೆ ಅವರನ್ನು ಸೋಲಿಸಿದವು. 1977ರಲ್ಲಿ ಪಾರ್ಶ್ವವಾಯು ಬಡಿಯಿತು. ಕೈಕಾಲು ಮೊದಲಿನಂತೆ ಮಾತು ಕೇಳಲಿಲ್ಲ. ತಮ್ಮ ಎರಡೂ ಬಂಡಿಗಳು ತಮ್ಮ ಸೀಮೆಯಲ್ಲೇ ಉಳಿಯಬೇಕೆಂಬ ಇಚ್ಛೆಯಿಂದ ಅವನ್ನು ಊರಿನ ಒಬ್ಬ ವರ್ತಕರಿಗೆ ಮಾರಿದರು. 1978ರ ಜನವರಿ 6ರಂದು ಕಣ್ಣುಮುಚ್ಚಿದರು. ಅವರ ಬಂಡಿಯನ್ನು ಇನ್ವರ್‌ಕಾರ್ಗಿಲ್ಲಿನ ಆ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟರು. ಮೊಳೆ, ಸುತ್ತಿಗೆ ಕೊಳ್ಳಲು ಹೋದವರೂ ಅದನ್ನು ನೋಡಿ ಬರುವಂತಾಯಿತು. 2005ರಲ್ಲಿ ಅವರ ಬಾಳನ್ನು ಆಧರಿಸಿದ ಚಲನಚಿತ್ರ ತೆರೆಗೆ ಬಂದಿತು. ಆಂಟನಿ ಹಾಪ್ಕಿನ್ಸ್ ಎಂಬ ಹೆಸರಾಂತ ನಟರು ಮನ್ರೋ ಪಾತ್ರ ವಹಿಸಿದರು. ಅದರ ನಿರ್ದೇಶಕ ರೋಜರ್ ಡೊನಾಲ್ಡ್‌ಸನ್ ಅವರು ಮನ್ರೋ ಬದುಕಿದ್ದಾಗಲೇ, 1971ರಲ್ಲಿ, ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದ್ದರು. ಹೀಗೆ ಕಡಲಂಚಿನ ಶೆಡ್ಡಿನ ಮನುಷ್ಯ ಲೋಕಪ್ರಸಿದ್ಧನಾದನು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. 1967ರ ದಾಖಲೆಯನ್ನು ಬರೆದವರು ಲೆಕ್ಕದಲ್ಲಿ ಒಂದು ಸಣ್ಣ ತಪ್ಪು ಮಾಡಿದ್ದರು. ಅದು ನಲವತ್ತಾರು ವರ್ಷಕ್ಕೂ ಹೆಚ್ಚು ಕಾಲ ಕಾಗದದಲ್ಲಿ ಹಾಗೆಯೇ ಉಳಿದಿತ್ತು. ಮನ್ರೋ ಅವರ ಮಗ ಜಾನ್ ಅದನ್ನು ಗುರುತಿಸಿದರು. 2014ರಲ್ಲಿ, ಮನ್ರೋ ತೀರಿಕೊಂಡು ಮೂವತ್ತಾರು ವರ್ಷಗಳ ನಂತರ, ಅಮೆರಿಕದ ಮೋಟಾರು ಸೈಕಲ್ ಸಂಘ ದಾಖಲೆಯನ್ನು ತಿದ್ದಿತು. 295.45 ಎಂದಿದ್ದುದು 296.26 ಕಿಲೋಮೀಟರಾಯಿತು. ವ್ಯತ್ಯಾಸ ಒಂದು ಕಿಲೋಮೀಟರೂ ಇಲ್ಲ. ತಂದೆ ಒಂದೊಂದು ಕೂದಲೆಳೆಯಷ್ಟು ತಿದ್ದುತ್ತ ಆಯುಷ್ಯ ಕಳೆದರು. ಮಗ ತಂದೆಗೆ ಸಲ್ಲಬೇಕಾದ ಕೊನೆಯ ಕೂದಲೆಳೆಯನ್ನು ಸಲ್ಲಿಸಿದರು. ಶೆಡ್ಡಿನ ಗೀಳಿನಲ್ಲಿ ಹಿಂದೆ ಉಳಿದುಹೋದ ಮಕ್ಕಳಲ್ಲಿ ಒಬ್ಬರು ಹೀಗೆ ತಂದೆಯ ಲೆಕ್ಕವನ್ನು ಸರಿಪಡಿಸಿದ್ದನ್ನು ಓದಿದಾಗ ನಮಗೆ ಮನಸ್ಸು ತುಂಬಿ ಬಂದಿತು.

ಈ ಮಹನೀಯರ ಕಥೆಯನ್ನು ಕನ್ನಡ ಪಾಠ ಹೇಳುವ ನಾವು ಬರೆಯಲು ಹೊರಟಿದ್ದಕ್ಕೆ ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅರ್ಧವಾರ್ಷಿಕ ಪರೀಕ್ಷೆಯ ನಂತರ ಪ್ರಗತಿ ಪತ್ರಕ್ಕೆ ಸಹಿ ಹಾಕಲು ತಂದೆಯೊಬ್ಬರು ಬಂದಿದ್ದರು. ವರ್ಕ್‌ಶಾಪಿನಿಂದ ನೇರವಾಗಿ ಬಂದವರು. ಎಷ್ಟು ತೊಳೆದರೂ ಹೋಗದ ಮಸಿ ಅವರ ಬೆರಳುಗಳ ಗೆರೆಗಳಲ್ಲಿತ್ತು. ಪತ್ರ ಕೊಳಕಾದೀತೆಂದು ಅವರು ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತರು. ಅವರ ಮಗ ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. ಉತ್ತರಪತ್ರಿಕೆಯನ್ನು ಹರಿದು ಎಸೆದಿದ್ದನು. ನಾವು ಆ ಹುಡುಗನಿಗೆ, ಓದದಿದ್ದರೆ ಸ್ಪ್ಯಾನರು ಹಿಡಿಯಬೇಕಾದೀತೆಂದು ತಂದೆಯ ಎದುರಿಗೇ ಗದರಿದೆವು. ಮಾತು ಬಾಯಿಂದ ಹೊರಬಿದ್ದ ಮೇಲೆ ನಮಗೆ ಅದರ ಅರ್ಥವಾಯಿತು. ತಂದೆ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಸಹಿ ಹಾಕಿ ಹೋದರು. ಕಾಗದದ ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತು ಉಳಿಯಿತು.

ಸ್ಪ್ಯಾನರು ಹಿಡಿಯುವುದು ಶಿಕ್ಷೆಯೆಂದು ಹೇಳಿದ ಆ ಮಾತು ನಮ್ಮ ತಪ್ಪು. ಸ್ಪ್ಯಾನರು ಹಿಡಿದ ಕೈಗೂ ಗಣಿತ ಬೇಕು, ತಾಳ್ಮೆ ಬೇಕು, ಮುರಿದುದನ್ನು ಓದುವ ಕಣ್ಣು ಬೇಕು. ಪುಸ್ತಕ ಹಿಡಿದ ಕೈಗೂ ಬೇಕಾದುದು ಇವೇ. ಇವೆರಡರಲ್ಲಿ ಮೇಲುಕೀಳು ಕಲ್ಪಿಸಿದವರು ನಾವು.

ಅಂದಿನಿಂದ ನಮ್ಮ ತರಗತಿಯಲ್ಲಿ ಒಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ. ಕೆಂಪು ಶಾಯಿ ಬಿದ್ದ ಉಕ್ತಲೇಖನವನ್ನೂ ಅಂಕ ಕಡಿಮೆಯಾದ ಉತ್ತರಪತ್ರಿಕೆಯನ್ನೂ ಯಾರೂ ಹರಿಯಬಾರದು. ಗೋಡೆಯ ಪಕ್ಕದ ಹಳೆಯ ಬೀರುವಿನಲ್ಲಿ ಒಂದು ಅರೆಯನ್ನು ಅದಕ್ಕೆಂದೇ ತೆರವು ಮಾಡಿದ್ದೇವೆ. ತಿಂಗಳಿಗೊಮ್ಮೆ ಅವನ್ನು ಹೊರತೆಗೆದು, ಎಲ್ಲಿ ಸೀಳು ಬಿಟ್ಟಿತೆಂದು ಕೂಡಿ ನೋಡುತ್ತೇವೆ. ಮೊದಮೊದಲು ಮಕ್ಕಳು ನಾಚಿಕೊಂಡರು. ಈಗ ಒಬ್ಬರ ತಪ್ಪನ್ನು ಇನ್ನೊಬ್ಬರು ಕೇಳಿ ತಿಳಿದುಕೊಳ್ಳುತ್ತಾರೆ. ಇದರಿಂದ ಎಲ್ಲರೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆಂದು ನಾವು ಹೇಳಲಾರೆವು. ಆದರೆ ಉತ್ತರಪತ್ರಿಕೆ ಹರಿಯುವ ಸದ್ದು ನಮ್ಮ ತರಗತಿಯಲ್ಲಿ ಈಗ ಕೇಳುವುದಿಲ್ಲ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ಪ್ರಗತಿ ಪತ್ರಕ್ಕೆ ಸಹಿ ಹಾಕಲು ಬರುವಾಗ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಡಿರಿ. ನಿಮ್ಮ ಮಕ್ಕಳನ್ನು ಓದಿಸುತ್ತಿರುವುದು ಆ ಕೈಯೇ. ಮಕ್ಕಳೇ, ಈ ವರ್ಷದ ಆಯುಧಪೂಜೆಯ ದಿನ ಮನೆಯ ಒಳ್ಳೆಯ ಉಪಕರಣಗಳ ಸಾಲಿನ ಕೊನೆಗೆ ಮುರಿದುದೊಂದನ್ನೂ ಇಡಿರಿ. ಅದಕ್ಕೂ ಒಂದು ಚಿಟಿಕೆ ಕುಂಕುಮ ಸಲ್ಲಲಿ. ಅದು ಹೇಗೆ ಮುರಿಯಿತೆಂದು ತಂದೆಯನ್ನು ಕೇಳಿರಿ. ಅವರು ಹೇಳುವುದನ್ನು ಕುಳಿತು ಕೇಳಿರಿ.